ಲಿಂಕ್‌ನಂತೆ ಕಾಣುವ ಬಟನ್: ಒತ್ತಿದಾಗ ಮಾತ್ರ, ಒಂದೇ ಸಲ ಸರ್ವರ್ ಕೆಲಸ ನಡೆಯುವಂತೆ ಕಟ್ಟುವುದು ಹೇಗೆ

ಪಟ್ಟಿಯ ಪ್ರತಿ ಸಾಲಿನ ಕೊನೆಗೆ ‘ರದ್ದುಮಾಡಿ’ ಎಂಬ ಅಡಿಗೆರೆಯ ಪದ ಇರಬೇಕು, ಅದನ್ನು ಒತ್ತಿದರೆ ಸರ್ವರ್‌ನಲ್ಲಿ ಆ ಸಾಲಿನ ಕೆಲಸ ನಡೆಯಬೇಕು. ಬೇಡಿಕೆ ಇಷ್ಟೇ. ಆದರೂ ಇದೇ ಜಾಗದಲ್ಲಿ ಎಡವಿದವರ ದೂರುಗಳು ನಿಲ್ಲುವುದಿಲ್ಲ: ಯಾರೂ ಒತ್ತದಿದ್ದರೂ ದಾಖಲೆಗಳು ಅಳಿಸಿಹೋಗಿವೆ, ಲಾಗ್‌ಔಟ್ ಒತ್ತಿದರೆ 405 (ಈ ವಿಧಾನಕ್ಕೆ ಅನುಮತಿಯಿಲ್ಲ) ಎಂಬ ದೋಷ ಬರುತ್ತದೆ, ಒಮ್ಮೆ ಒತ್ತಿದ್ದಕ್ಕೆ ಎರಡು ಸಲ ಕೆಲಸ ನಡೆದಿದೆ, ಪಟ್ಟಿಯಲ್ಲಿ ಮೊದಲ ಸಾಲಿನ ಬಟನ್ ಮಾತ್ರ ಕೆಲಸ ಮಾಡುವುದಿಲ್ಲ, ಉಳಿದವೆಲ್ಲ ಸರಿಯಾಗಿವೆ. ಇವುಗಳಲ್ಲಿ ಬಹುತೇಕ ಎಲ್ಲದರ ಬೇರು ಒಂದೇ. ಕಣ್ಣಿಗೆ ಲಿಂಕ್ ಬೇಕೆಂದು ಒಳಗೂ ಲಿಂಕನ್ನೇ ಇಟ್ಟಿರುತ್ತಾರೆ. ಕಣ್ಣಿಗೆ ಲಿಂಕ್ ಇರಲಿ, ಒಳಗೆ ಇರಬೇಕಾದದ್ದು ಫಾರ್ಮ್ ಮತ್ತು ಬಟನ್.

ಉದ್ದಕ್ಕೂ ಒಂದೇ ಉದಾಹರಣೆ ಹಿಡಿದು ಹೋಗೋಣ: ಗ್ರಂಥಾಲಯದ ಆ್ಯಪ್‌ನಲ್ಲಿ ಓದುಗರು ಕಾಯ್ದಿರಿಸಿದ ಪುಸ್ತಕಗಳ ಪಟ್ಟಿ, ಪ್ರತಿ ಸಾಲಿನಲ್ಲೂ ‘ರದ್ದುಮಾಡಿ’. ಕೋಡ್ ತುಣುಕುಗಳನ್ನು ಬೇಕೆಂದೇ ಕೊಟ್ಟಿಲ್ಲ. ಎಲ್ಲಿಂದಲೋ ನಕಲಿಸಿ ಅಂಟಿಸಿದ ತುಣುಕೇ ಈ ತೊಂದರೆಯ ತವರು. ಯಾವ ಟ್ಯಾಗ್, ಯಾವ ಆಟ್ರಿಬ್ಯೂಟ್, ಏಕೆ ಎಂಬುದನ್ನು ಮಾತಿನಲ್ಲೇ ಹೇಳುತ್ತೇನೆ. ಟೈಪ್ ಮಾಡುವ ಕೆಲಸ ನಿಮ್ಮದು.

## ಮೊದಲು ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಬ್ರೌಸರ್‌ನ ಡೆವಲಪರ್ ಪರಿಕರಗಳಲ್ಲಿ ನೆಟ್‌ವರ್ಕ್ ಫಲಕ ತೆರೆದಿರಲಿ, ಅದರಲ್ಲಿ ಹಳೆಯ ವಿನಂತಿಗಳನ್ನು ಅಳಿಸದೆ ಉಳಿಸುವ ಆಯ್ಕೆಗೆ ಗುರುತು ಹಾಕಿರಿ. ಇದಿಲ್ಲದಿದ್ದರೆ ಪುಟ ಬದಲಾದ ಕೂಡಲೇ ನಿಮಗೆ ಬೇಕಾದ ಸಾಲು ಮಾಯವಾಗುತ್ತದೆ. ಸರ್ವರ್‌ನ ಆ್ಯಕ್ಸೆಸ್ ಲಾಗ್, ಅಂದರೆ ಬಂದ ವಿನಂತಿಗಳ ದಾಖಲೆ, ಓದುವ ಅನುಮತಿ ಬೇಕು. ಕಮಾಂಡ್ ಸಾಲಿನಿಂದ ವಿನಂತಿ ಕಳಿಸಲು ಕರ್ಲ್ ಇರಲಿ. ಪರೀಕ್ಷೆಗೆ ಎರಡು ಬೇರೆ ಬೇರೆ ಬಳಕೆದಾರರ ಖಾತೆಗಳು ಬೇಕೇ ಬೇಕು. ಒಂದೇ ಖಾತೆಯಲ್ಲಿ ಪರೀಕ್ಷಿಸಿದವರಿಗೆ ಹಂತ 5ರ ದೋಷ ಎಂದೂ ಕಾಣುವುದಿಲ್ಲ.

## ಹಂತ 1: ಇದು ಲಿಂಕೋ ಬಟನ್ನೋ, ತೀರ್ಮಾನಿಸಿ

ಒಂದೇ ಪ್ರಶ್ನೆ ಕೇಳಿ: ಇದನ್ನು ಒತ್ತಿದ ಮೇಲೆ ಸರ್ವರ್‌ನಲ್ಲಿ ಏನಾದರೂ ಬದಲಾಗುತ್ತದೆಯೇ? ಇಲ್ಲ ಎಂದಾದರೆ ನಿಜವಾದ ಲಿಂಕನ್ನೇ ಬಳಸಿ. ಮುಂದಿನ ಪುಟ, ಪುಸ್ತಕದ ವಿವರ, ಹುಡುಕಾಟ, ರಸೀದಿಯ ಡೌನ್‌ಲೋಡ್ ಇವೆಲ್ಲ ಲಿಂಕ್‌ಗಳೇ. ಇವನ್ನು ಬಟನ್ ಮಾಡಿದರೆ ಹೊಸ ಟ್ಯಾಬ್‌ನಲ್ಲಿ ತೆರೆಯುವ, ವಿಳಾಸ ನಕಲಿಸುವ ಅನುಕೂಲಗಳು ಬಳಕೆದಾರರ ಕೈತಪ್ಪುತ್ತವೆ.

ಬದಲಾಗುತ್ತದೆ ಎಂದಾದರೆ ಅದು ಬಟನ್. ರದ್ದು, ಅಳಿಸು, ಒಪ್ಪಿಗೆ ಕೊಡು, ಓದಿದೆ ಎಂದು ಗುರುತು ಹಾಕು, ಮತ್ತೊಮ್ಮೆ ಒಟಿಪಿ ಕಳಿಸು, ಎಲ್ಲವೂ. ಲಾಗ್‌ಔಟ್ ಕೂಡ ಇದೇ ಗುಂಪಿಗೆ ಸೇರುತ್ತದೆ, ಏಕೆಂದರೆ ಸೆಷನ್ ನಾಶವಾಗುತ್ತದೆ. ಲಾಗ್‌ಔಟನ್ನು ಲಿಂಕ್ ಎಂದೇ ಹಟ ಹಿಡಿಯುವವರು ಬಹಳ.

ಇದು ಬರಿಯ ಶಿಸ್ತಿನ ಮಾತಲ್ಲ. ಲಿಂಕ್ ಒತ್ತಿದಾಗ ಬ್ರೌಸರ್ ಕಳಿಸುವುದು ಗೆಟ್ ಎಂಬ ವಿಧಾನದ ವಿನಂತಿ. ಬ್ರೌಸರ್ ಮತ್ತು ಸರ್ವರ್ ಮಾತಾಡುವ ನಿಯಮಾವಳಿಯಾದ ಎಚ್‌ಟಿಟಿಪಿಯ ಈಗಿನ ನಿರೂಪಣೆ, 2022ರ ಆರ್‌ಎಫ್‌ಸಿ 9110 ಎಂಬ ಮಾನಕ ದಾಖಲೆ, ಗೆಟ್ ವಿಧಾನವನ್ನು ‘ಸುರಕ್ಷಿತ’ ಎಂದು ಕರೆಯುತ್ತದೆ. ಅಂದರೆ ಗೆಟ್ ವಿನಂತಿ ಕಳಿಸಿದವರು ಸರ್ವರ್‌ನಲ್ಲಿ ಯಾವ ಬದಲಾವಣೆಯನ್ನೂ ಕೇಳಿಲ್ಲ ಎಂದು ಎಲ್ಲರೂ ನಂಬಬಹುದು. ಹಾಗೆ ನಂಬಿ ನಡೆಯುವ ತಂತ್ರಾಂಶಗಳು ಬಹಳಷ್ಟಿವೆ. ಹುಡುಕಾಟದ ಕ್ರಾಲರ್‌ಗಳು ಕಂಡ ಲಿಂಕ್‌ಗಳನ್ನೆಲ್ಲ ತೆರೆಯುತ್ತವೆ. ಕಚೇರಿಗಳ ಇಮೇಲ್ ಭದ್ರತಾ ತಂತ್ರಾಂಶಗಳು ಓದುಗ ಪತ್ರ ತೆರೆಯುವ ಮೊದಲೇ ಅದರೊಳಗಿನ ಲಿಂಕ್‌ಗಳನ್ನು ತೆರೆದು ನೋಡುತ್ತವೆ. ಸಂದೇಶದ ಆ್ಯಪ್‌ಗಳು ಮುನ್ನೋಟದ ಚಿತ್ರಕ್ಕಾಗಿ ಲಿಂಕನ್ನು ಮೊದಲೇ ತರಿಸಿಕೊಳ್ಳುತ್ತವೆ.

ಇನ್ನೂ ಹತ್ತಿರದ ಅಪಾಯ ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟಿನೊಳಗೇ, ಅಂದರೆ ನಿಮ್ಮ ಫ್ರೇಮ್‌ವರ್ಕಿನೊಳಗೇ ಇದೆ. ರೈಲ್ಸ್ ಜೊತೆ ಬರುವ ಟರ್ಬೊ, 8ನೇ ಆವೃತ್ತಿಯಿಂದ, ಮೌಸ್ ಲಿಂಕಿನ ಮೇಲೆ ಬಂದರೆ ಸಾಕು, ಆ ಪುಟವನ್ನು ಮುಂಚಿತವಾಗಿ ತರುತ್ತದೆ. ನೆಕ್ಸ್ಟ್ ಜೆಎಸ್‌ನ ಲಿಂಕ್ ಘಟಕ ಪರದೆಯ ಮೇಲೆ ಕಾಣಿಸಿಕೊಂಡಾಗಲೇ ಹೀಗೆ ಮುಂಚಿತವಾಗಿ ತರುತ್ತದೆ (ಪ್ರಿಫೆಚ್), ಅದೂ ಪ್ರೊಡಕ್ಷನ್‌ನಲ್ಲಿ ಮಾತ್ರ. ಡೆವಲಪರ್ ಯಂತ್ರದಲ್ಲಿ ಎಲ್ಲ ಚೆನ್ನಾಗಿದ್ದು, ಸೈಟ್ ಜನರಿಗೆ ತೆರೆದ ದಿನ ಬಳಕೆದಾರರು ತಂತಾನೇ ಲಾಗ್‌ಔಟ್ ಆಗುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದು.

ಎಚ್ಚರಿಕೆಯ ಚಿಹ್ನೆ: ಆ್ಯಕ್ಸೆಸ್ ಲಾಗ್‌ನಲ್ಲಿ ಅಳಿಸುವ ಅಥವಾ ರದ್ದುಮಾಡುವ ವಿಳಾಸಗಳ ಮುಂದೆ ಗೆಟ್ ಎಂದಿದ್ದು, ಉತ್ತರದ ಸಂಕೇತ 200 (ಯಶಸ್ವಿ) ಅಥವಾ 302 (ಬೇರೆ ವಿಳಾಸಕ್ಕೆ ಹೋಗು) ಇದ್ದರೆ, ಉಳಿದ ಕೆಲಸ ಬಿಟ್ಟು ಇದನ್ನು ಸರಿಪಡಿಸಿ.

## ಹಂತ 2: ಫಾರ್ಮ್ ಕಟ್ಟಿ

ಒಂದು ಫಾರ್ಮ್ ಟ್ಯಾಗ್. ಅದರ ಮೆಥಡ್ ಆಟ್ರಿಬ್ಯೂಟ್ ಪೋಸ್ಟ್, ಅಂದರೆ ಸರ್ವರ್‌ನಲ್ಲಿ ಕೆಲಸ ಮಾಡಿಸುವ ವಿನಂತಿಯ ವಿಧಾನ. ಆ್ಯಕ್ಷನ್ ಆಟ್ರಿಬ್ಯೂಟ್‌ನಲ್ಲಿ ಕೆಲಸದ ವಿಳಾಸ, ಉದಾಹರಣೆಗೆ ‘/ಕಾಯ್ದಿರಿಸುವಿಕೆ/482/ರದ್ದು’. ಒಳಗೆ ಒಂದು ಬಟನ್ ಟ್ಯಾಗ್, ಅದರ ಟೈಪ್ ಸಬ್ಮಿಟ್. ಬಟನ್‌ನ ಒಳಗೆ ‘ರದ್ದುಮಾಡಿ’ ಎಂಬ ಪದ. ಜಾವಾಸ್ಕ್ರಿಪ್ಟ್ ಒಂದು ಸಾಲೂ ಇಲ್ಲದೆ ಇದು ಕೆಲಸ ಮಾಡುತ್ತದೆ, ಮಾಡಬೇಕು. ಜಾವಾಸ್ಕ್ರಿಪ್ಟ್ ಮೂಲಕ ಪುಟ ಬದಲಾಗದಂತೆ ಕಳಿಸುವ ನಾಜೂಕನ್ನು ಇದರ ಮೇಲೆ ಆಮೇಲೆ ಸೇರಿಸಬಹುದು.

ಇಲ್ಲಿ ತಪ್ಪುವ ಜಾಗಗಳು ಮೂರು.

ಮೊದಲನೆಯದು, ಮೆಥಡ್‌ಗೆ ಡಿಲೀಟ್ ಎಂದು ಬರೆಯುವುದು. ಎಚ್‌ಟಿಎಂಎಲ್ ಫಾರ್ಮ್‌ಗೆ ಸರ್ವರ್‌ನತ್ತ ಕಳಿಸಲು ಗೊತ್ತಿರುವ ವಿಧಾನಗಳು ಗೆಟ್ ಮತ್ತು ಪೋಸ್ಟ್ ಮಾತ್ರ. ಗೊತ್ತಿಲ್ಲದ ಹೆಸರು ಕೊಟ್ಟರೆ ಬ್ರೌಸರ್ ದೂರುವುದಿಲ್ಲ, ಸದ್ದಿಲ್ಲದೆ ಗೆಟ್ ಮಾಡಿಬಿಡುತ್ತದೆ. ನೀವು ಓಡಿಬಂದ ಹಳ್ಳಕ್ಕೇ ಮತ್ತೆ ಬೀಳುತ್ತೀರಿ. ರೈಲ್ಸ್ ಮತ್ತು ಲಾರಾವೆಲ್‌ಗಳು ಇದಕ್ಕಾಗಿಯೇ ಪೋಸ್ಟ್ ಫಾರ್ಮ್‌ನೊಳಗೆ, ಅಂಡರ್‌ಸ್ಕೋರ್‌ನಿಂದ ಆರಂಭವಾಗುವ ಮೆಥಡ್ ಎಂಬ ಅಡಗಿಸಿದ ಕ್ಷೇತ್ರವನ್ನು ಇಡುತ್ತವೆ. ಫ್ರೇಮ್‌ವರ್ಕಿನ ಆ ಸೌಲಭ್ಯ ಬಳಸಿ, ಇಲ್ಲವೇ ನೇರ ಪೋಸ್ಟ್ ಇಟ್ಟುಕೊಳ್ಳಿ.

ಎರಡನೆಯದು, ಟೈಪ್ ಬರೆಯದೆ ಬಿಡುವುದು. ಬಟನ್ ಟ್ಯಾಗ್‌ಗೆ ಟೈಪ್ ಕೊಡದಿದ್ದರೆ ಅದು ಸಬ್ಮಿಟ್ ಎಂದೇ ಅರ್ಥ. ಇಲ್ಲಿ ಅದರಿಂದ ತೊಂದರೆಯಿಲ್ಲ, ಆದರೆ ಅದೇ ಫಾರ್ಮ್‌ನೊಳಗೆ ಮೆನು ತೆರೆಯಲು ಇಟ್ಟ ಬೇರೊಂದು ಬಟನ್ ಕೂಡ ಫಾರ್ಮ್ ಕಳಿಸಿಬಿಡುತ್ತದೆ. ಎಲ್ಲ ಬಟನ್‌ಗಳಿಗೂ ಟೈಪ್ ಬರೆಯುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯದೇ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು: ಹ್ಯಾಶ್ ಚಿಹ್ನೆಯನ್ನಷ್ಟೇ ವಿಳಾಸವಾಗಿಟ್ಟ ಲಿಂಕ್, ಅದಕ್ಕೊಂದು ಕ್ಲಿಕ್ ಸ್ಕ್ರಿಪ್ಟ್. ಸ್ಕ್ರಿಪ್ಟ್ ಇಳಿಯುವುದು ತಡವಾದರೆ ಒತ್ತಿದವರ ಪುಟ ಮೇಲಕ್ಕೆ ಜಿಗಿಯುತ್ತದೆ, ಬೇರೇನೂ ಆಗುವುದಿಲ್ಲ. ಮೌಸ್‌ನ ನಡುಗಾಲಿ ಒತ್ತಿದರೆ ಅದೇ ಪುಟದ ಇನ್ನೊಂದು ಟ್ಯಾಬ್ ತೆರೆಯುತ್ತದೆ. ಕೀಬೋರ್ಡ್‌ನಲ್ಲಿ ಬಟನ್‌ಗಳು ಎಂಟರ್ ಮತ್ತು ಸ್ಪೇಸ್ ಎರಡಕ್ಕೂ ಓಗೊಡುತ್ತವೆ. ಲಿಂಕ್ ಎಂಟರ್‌ಗೆ ಮಾತ್ರ. ಆ ಲಿಂಕ್‌ಗೆ ಬಟನ್ ಎಂಬ ರೋಲ್ ಹಚ್ಚಿದರೆ ತೆರೆ ಓದುವ ತಂತ್ರಾಂಶ (ಸ್ಕ್ರೀನ್ ರೀಡರ್) ‘ಬಟನ್’ ಎಂದು ಹೇಳುತ್ತದೆ, ಕಣ್ಣು ಕಾಣದ ಬಳಕೆದಾರರು ಸ್ಪೇಸ್ ಒತ್ತುತ್ತಾರೆ, ಪುಟ ಕೆಳಗೆ ಸರಿಯುತ್ತದೆ ಅಷ್ಟೇ. ರೋಲ್ ಹೆಸರು ಕೊಡುತ್ತದೆ, ನಡವಳಿಕೆಯನ್ನು ಕೊಡುವುದಿಲ್ಲ.

## ಹಂತ 3: ಫಾರ್ಮ್ ಎಲ್ಲಿ ಕೂರಬೇಕು

‘ಮೊದಲ ಸಾಲು ಮಾತ್ರ ಕೆಲಸ ಮಾಡುವುದಿಲ್ಲ’ ಎಂಬ ದೂರಿನ ಉತ್ತರ ಇಲ್ಲಿದೆ. ಹಲವು ಪುಸ್ತಕಗಳಿಗೆ ಗುರುತು ಹಾಕಿ ಒಟ್ಟಿಗೆ ಏನಾದರೂ ಮಾಡುವ ಸೌಲಭ್ಯಕ್ಕಾಗಿ ಇಡೀ ಪಟ್ಟಿಯನ್ನು ಒಂದು ಫಾರ್ಮ್‌ನೊಳಗೆ ಇಟ್ಟಿರುತ್ತೀರಿ. ಅದರೊಳಗೆ ಪ್ರತಿ ಸಾಲಿಗೂ ರದ್ದುಮಾಡುವ ಸಣ್ಣ ಫಾರ್ಮ್ ಸೇರಿಸುತ್ತೀರಿ. ಫಾರ್ಮ್‌ನೊಳಗೆ ಫಾರ್ಮ್ ಇರುವುದಕ್ಕೆ ಎಚ್‌ಟಿಎಂಎಲ್ ಒಪ್ಪುವುದಿಲ್ಲ. ಬ್ರೌಸರ್ ಮೊದಲ ಸಾಲಿನ ಫಾರ್ಮ್ ಆರಂಭದ ಟ್ಯಾಗನ್ನು ಬಿಸಾಡುತ್ತದೆ. ಆದರೆ ಅದೇ ಸಾಲಿನ ಮುಕ್ತಾಯದ ಟ್ಯಾಗ್ ಹೊರಗಿನ ದೊಡ್ಡ ಫಾರ್ಮ್‌ಗೆ ಅನ್ವಯವಾಗಿ, ಬ್ರೌಸರ್‌ನ ಲೆಕ್ಕದಲ್ಲಿ ಅದು ಮುಗಿಯುತ್ತದೆ. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಯಾವ ಫಾರ್ಮೂ ತೆರೆದಿಲ್ಲ ಎಂದು ಎಣಿಸಿ ಅಲ್ಲಿಂದ ಮುಂದಿನವನ್ನೆಲ್ಲ ಒಪ್ಪಿಕೊಳ್ಳುತ್ತದೆ. ಹೀಗಾಗಿ ಮೊದಲ ಸಾಲಿನ ‘ರದ್ದುಮಾಡಿ’ ಒತ್ತಿದರೆ ಹೊರಗಿನ ಫಾರ್ಮ್ ಹೊರಡುತ್ತದೆ. ಹೊರಗಿನ ಫಾರ್ಮ್ ‘ಗುರುತಿಸಿದ್ದನ್ನೆಲ್ಲ ಅಳಿಸು’ ಎಂಬುದಾಗಿದ್ದರೆ ಪರಿಣಾಮ ನೀವೇ ಊಹಿಸಿ.

ಪರಿಹಾರ ಸುಲಭ. ಸಣ್ಣ ಫಾರ್ಮ್‌ಗಳನ್ನು ಪಟ್ಟಿಯ ಹೊರಗೆ, ಪುಟದ ಕೊನೆಯಲ್ಲಿ, ಖಾಲಿಯಾಗಿ ಇಡಿ. ಪ್ರತಿಯೊಂದಕ್ಕೂ ಬೇರೆ ಐಡಿ ಕೊಡಿ. ಸಾಲಿನೊಳಗಿನ ಬಟನ್‌ಗೆ ಫಾರ್ಮ್ ಎಂಬ ಆಟ್ರಿಬ್ಯೂಟ್ ಹಾಕಿ ಅಲ್ಲಿ ಆ ಐಡಿ ಬರೆಯಿರಿ. ಬಟನ್ ಎಲ್ಲೇ ಇದ್ದರೂ ಅದು ಆ ಫಾರ್ಮ್‌ಗೆ ಸೇರಿದ್ದಾಗುತ್ತದೆ. ಒಂದೇ ಫಾರ್ಮ್ ಸಾಕೆನಿಸಿದರೆ ಇನ್ನೊಂದು ದಾರಿಯುಂಟು: ಬಟನ್‌ನ ಫಾರ್ಮ್‌ಆ್ಯಕ್ಷನ್ ಆಟ್ರಿಬ್ಯೂಟ್‌ನಲ್ಲಿ ಆ ಸಾಲಿನ ವಿಳಾಸ ಕೊಟ್ಟರೆ, ಆ ಬಟನ್ ಒತ್ತಿದಾಗ ಮಾತ್ರ ಫಾರ್ಮ್ ಅಲ್ಲಿಗೆ ಹೋಗುತ್ತದೆ.

ಎರಡನೆಯ ದಾರಿ ಹಿಡಿದವರು ಒಂದು ವಿಷಯ ನೆನಪಿಡಬೇಕು. ಪಠ್ಯದ ಪೆಟ್ಟಿಗೆಯಲ್ಲಿ ಎಂಟರ್ ಒತ್ತಿದರೆ ಬ್ರೌಸರ್ ಆ ಫಾರ್ಮ್‌ನ ಮೊದಲ ಸಬ್ಮಿಟ್ ಬಟನ್ ಒತ್ತಿದಂತೆ ನಡೆದುಕೊಳ್ಳುತ್ತದೆ. ಟಿಪ್ಪಣಿ ಬರೆದು ಎಂಟರ್ ಒತ್ತಿದ ಓದುಗರ ಮೊದಲ ಪುಸ್ತಕ ರದ್ದಾಗುವುದು ಹೀಗೆಯೇ. ಅಪಾಯವಿಲ್ಲದ ‘ಉಳಿಸಿ’ ಬಟನ್ ಮೊದಲಿರಲಿ.

ಕೋಷ್ಟಕದಲ್ಲಿ ಫಾರ್ಮ್ ಅಂಕಣದ ಕೋಶದೊಳಗೆ ಇರಬೇಕು. ಸಾಲಿನ ಟ್ಯಾಗ್‌ಗೂ ಕೋಶದ ಟ್ಯಾಗ್‌ಗೂ ನಡುವೆ ಇಟ್ಟರೆ ಬ್ರೌಸರ್ ಅದನ್ನು ತನಗೆ ತೋಚಿದಂತೆ ಮರುಜೋಡಿಸುತ್ತದೆ. ಅನುಮಾನ ಬಂದಾಗ ಪುಟದ ಮೂಲ ನೋಡಬೇಡಿ, ಎಲಿಮೆಂಟ್ಸ್ ಫಲಕ ನೋಡಿ. ಮೂಲದಲ್ಲಿರುವುದು ನೀವು ಕಳಿಸಿದ್ದು, ಫಲಕದಲ್ಲಿರುವುದು ಬ್ರೌಸರ್ ಅರ್ಥಮಾಡಿಕೊಂಡದ್ದು.

## ಹಂತ 4: ಟೋಕನ್ ಸೇರಿಸಿ

ಪೋಸ್ಟ್ ಮಾಡಿದ ಮಾತ್ರಕ್ಕೆ ಭದ್ರವಾಗಲಿಲ್ಲ. ಬೇರೆ ಸೈಟೊಂದು ನಿಮ್ಮ ವಿಳಾಸಕ್ಕೆ ಪೋಸ್ಟ್ ಮಾಡುವ ಫಾರ್ಮ್ ಇಟ್ಟು, ಲಾಗಿನ್ ಆಗಿರುವ ನಿಮ್ಮ ಬಳಕೆದಾರರಿಂದ ಅದನ್ನು ಒತ್ತಿಸಬಹುದು. ಇದನ್ನು ತಡೆಯಲು ಫಾರ್ಮ್‌ನೊಳಗೆ ಸಿಎಸ್‌ಆರ್‌ಎಫ್ ಟೋಕನ್ ಎಂಬ ಅಡಗಿಸಿದ ಕ್ಷೇತ್ರ, ಅಂದರೆ ಬೇರೆ ಸೈಟ್ ಊಹಿಸಲಾಗದ ಗುಟ್ಟಿನ ಗುರುತು ಬೇಕು. ಪ್ರಮುಖ ಫ್ರೇಮ್‌ವರ್ಕ್‌ಗಳಲ್ಲಿ ಇದು ಸಿದ್ಧವಾಗಿದೆ, ಟೆಂಪ್ಲೇಟ್‌ನಲ್ಲಿ ಒಂದು ಪದ ಬರೆದರೆ ಮುಗಿಯಿತು.

‘ಕುಕೀಗೆ ಸೇಮ್‌ಸೈಟ್ (ಬೇರೆ ಸೈಟಿನಿಂದ ಬಂದ ವಿನಂತಿಯ ಜೊತೆ ಕುಕೀ ಹೋಗದಂತೆ ತಡೆಯುವ ಗುಣ) ಇದೆಯಲ್ಲ, ಟೋಕನ್ ಏಕೆ?’ ಎಂದು ಕೇಳುವವರಿದ್ದಾರೆ. 2020ರಲ್ಲಿ ಕ್ರೋಮ್ 80 ಬಂದಾಗಿನಿಂದ, ಸೇಮ್‌ಸೈಟ್ ಬಗ್ಗೆ ಏನೂ ಹೇಳದ ಕುಕೀಗಳನ್ನು ಕ್ರೋಮ್ ಲ್ಯಾಕ್ಸ್ (ಸಡಿಲ ತಡೆ) ಎಂದು ಪರಿಗಣಿಸುತ್ತದೆ ಎಂಬುದು ನಿಜ. ಆದರೆ ಲ್ಯಾಕ್ಸ್ ಕುಕೀ ಬೇರೆ ಸೈಟಿನ ಲಿಂಕ್ ಒತ್ತಿ ಗೆಟ್ ಮೂಲಕ ಬಂದಾಗ ಜೊತೆಗೇ ಬರುತ್ತದೆ. ಅಂದರೆ ಕೆಲಸವನ್ನು ಲಿಂಕ್‌ನಲ್ಲಿ ಇಟ್ಟವರನ್ನು ಅದು ಕಾಪಾಡುವುದೇ ಇಲ್ಲ. ಪೋಸ್ಟ್‌ಗೆ ಅದು ಎರಡನೆಯ ಬೇಲಿ, ಮೊದಲನೆಯದು ಟೋಕನ್.

ದೋಷದ ಸಂಖ್ಯೆಯೇ ಇಲ್ಲಿ ಸುಳಿವು ಕೊಡುತ್ತದೆ. ಜ್ಯಾಂಗೊದಲ್ಲಿ ಟೋಕನ್ ತಪ್ಪಿದರೆ 403, ಲಾರಾವೆಲ್‌ನಲ್ಲಿ 419, ರೈಲ್ಸ್‌ನಲ್ಲಿ 422. ಈ ಸಂಖ್ಯೆ ಕಂಡ ಕೂಡಲೇ ಆ ಪುಟಕ್ಕೆ ಟೋಕನ್ ತಪಾಸಣೆಯಿಂದ ವಿನಾಯಿತಿ ಕೊಟ್ಟು ‘ಸರಿಹೋಯಿತು’ ಎನ್ನುವವರು ಬೀಗ ಕೆಟ್ಟಿತೆಂದು ಬಾಗಿಲನ್ನೇ ಕಿತ್ತವರು. ಟೋಕನ್ ಏಕೆ ಹೊಂದಲಿಲ್ಲ ಎಂದು ಹುಡುಕಿ. ಪುಟವನ್ನು ಸರ್ವರ್ ಅಥವಾ ಸಿಡಿಎನ್ (ಪುಟಗಳ ಪ್ರತಿ ಹಂಚುವ ನಡುವಿನ ಸರ್ವರ್ ಜಾಲ) ಕ್ಯಾಶ್ ಮಾಡಿ, ಅಂದರೆ ಪ್ರತಿ ಉಳಿಸಿಟ್ಟು, ಒಬ್ಬರ ಟೋಕನನ್ನು ಇನ್ನೊಬ್ಬರಿಗೆ ಹಂಚುತ್ತಿರುವುದು, ಬಹಳ ಹೊತ್ತು ತೆರೆದಿಟ್ಟ ಟ್ಯಾಬ್‌ನ ಸೆಷನ್ ಮುಗಿದಿರುವುದು, ಸಾಮಾನ್ಯವಾಗಿ ಈ ಎರಡರಲ್ಲಿ ಒಂದಾಗಿರುತ್ತದೆ.

## ಹಂತ 5: ಸರ್ವರ್ ಬದಿ, ತಪಾಸಣೆಯ ಕ್ರಮ

ಕೆಲಸ ಮಾಡುವ ಫಂಕ್ಷನ್‌ನೊಳಗೆ ಕ್ರಮ ಮುಖ್ಯ. ಮೇಲಿನಿಂದ ಕೆಳಕ್ಕೆ ಹೀಗಿರಲಿ:

1. ವಿಧಾನ ಪೋಸ್ಟ್ ಹೌದೇ? ಅಲ್ಲದಿದ್ದರೆ ಏನನ್ನೂ ಬದಲಿಸಬೇಡಿ.
2. ಲಾಗಿನ್ ಆಗಿದ್ದಾರೆಯೇ?
3. ಟೋಕನ್ ಸರಿಯಿದೆಯೇ?
4. ಈ ದಾಖಲೆ ಇವರದ್ದೇ?
5. ದಾಖಲೆ ಈಗಲೂ ರದ್ದಾಗಬಹುದಾದ ಸ್ಥಿತಿಯಲ್ಲಿದೆಯೇ?
6. ಕೆಲಸ ಮಾಡಿ, 303 ಕೊಟ್ಟು ಪಟ್ಟಿಗೆ ಕಳಿಸಿ.

ನಾಲ್ಕನೆಯದನ್ನು ಮರೆಯುವವರೇ ಹೆಚ್ಚು. ವಿಳಾಸದಲ್ಲಿ 482 ಇದೆ; ಪಕ್ಕದ 483 ಯಾರದ್ದೋ. ಫಾರ್ಮ್‌ನ ವಿಳಾಸವನ್ನು ಡೆವಲಪರ್ ಪರಿಕರದಲ್ಲಿ ತಿದ್ದಲು ಅರ್ಧ ನಿಮಿಷ ಸಾಕು. ಬಟನ್ ಕಾಣಿಸಿಲ್ಲ ಎಂಬುದು ಅನುಮತಿ ನಿರಾಕರಣೆ ಅಲ್ಲ. ದಾಖಲೆಯನ್ನು ಸಂಖ್ಯೆಯಿಂದ ಮಾತ್ರ ಹುಡುಕದೆ, ಸಂಖ್ಯೆ ಮತ್ತು ಲಾಗಿನ್ ಆದವರ ಗುರುತು ಎರಡೂ ಹೊಂದುವಂತೆ ಹುಡುಕಿ. ಸಿಗದಿದ್ದರೆ 404.

ಐದನೆಯದನ್ನು ಡೇಟಾಬೇಸ್‌ಗೇ ಬಿಡಿ. ಮೊದಲು ಓದಿ, ನೋಡಿ, ಆಮೇಲೆ ಬರೆಯುವ ಬದಲು, ‘ಸ್ಥಿತಿ ಇನ್ನೂ ಕಾಯ್ದಿರಿಸಿದೆ ಎಂದಿದ್ದರೆ ಮಾತ್ರ ರದ್ದು ಎಂದು ಬದಲಿಸು’ ಎಂಬ ಷರತ್ತನ್ನು ಅಪ್‌ಡೇಟ್ ಹೇಳಿಕೆಯಲ್ಲೇ ಬರೆಯಿರಿ. ಎಷ್ಟು ಸಾಲು ಬದಲಾದವು ಎಂದು ಡೇಟಾಬೇಸ್ ಹೇಳುತ್ತದೆ. ಒಂದು ಎಂದರೆ ಈ ಒತ್ತುವಿಕೆಯೇ ಕೆಲಸ ಮಾಡಿತು, ಎಸ್‌ಎಂಎಸ್ ಕಳಿಸಿ. ಸೊನ್ನೆ ಎಂದರೆ ಇನ್ನೊಂದು ಟ್ಯಾಬ್‌ನಿಂದಲೋ ಎರಡನೆಯ ಕ್ಲಿಕ್‌ನಿಂದಲೋ ಅದಾಗಲೇ ಮುಗಿದಿದೆ. ‘ಈಗಾಗಲೇ ರದ್ದಾಗಿದೆ’ ಎಂದು ಹೇಳಿ ಸುಮ್ಮನಾಗಿ. ಎರಡು ಸಲ ಒತ್ತಿದಾಗಿನ ಅನಾಹುತಕ್ಕೆ ನಂಬಬಹುದಾದ ತಡೆ ಇದೇ.

ಆರನೆಯದರಲ್ಲಿ 303 ಏಕೆ? ಪೋಸ್ಟ್‌ಗೆ ನೇರವಾಗಿ ಪುಟವನ್ನೇ ಉತ್ತರವಾಗಿ ಕೊಟ್ಟರೆ, ಬಳಕೆದಾರರು ರಿಫ್ರೆಶ್ ಮಾಡಿದಾಗ ‘ಫಾರ್ಮ್ ಮತ್ತೆ ಕಳಿಸಲೇ?’ ಎಂದು ಬ್ರೌಸರ್ ಕೇಳುತ್ತದೆ. ‘ಹೌದು’ ಎಂದರೆ ಕೆಲಸ ಮತ್ತೊಮ್ಮೆ. 303 ಎಂದರೆ ‘ಕೆಲಸ ಮುಗಿಯಿತು, ಈ ವಿಳಾಸವನ್ನು ಗೆಟ್‌ನಲ್ಲಿ ನೋಡು’. ಇದಕ್ಕೆ 307 ಅಥವಾ 308 ಕೊಡಲೇಬಾರದು, ಅವು ಪೋಸ್ಟನ್ನು ಪೋಸ್ಟ್ ಆಗಿಯೇ ಮುಂದಕ್ಕೆ ಸಾಗಿಸುತ್ತವೆ. 302 ಪೋಸ್ಟ್‌ನ ಮಟ್ಟಿಗೆ ನಡೆಯುತ್ತದೆ. ಆದರೆ ಜಾವಾಸ್ಕ್ರಿಪ್ಟ್‌ನಿಂದ ಡಿಲೀಟ್ ವಿಧಾನದಲ್ಲಿ ಕಳಿಸಿದ ವಿನಂತಿಗೆ 302 ಕೊಟ್ಟರೆ, ಬ್ರೌಸರ್ ಹೊಸ ವಿಳಾಸಕ್ಕೂ ಡಿಲೀಟ್ ಎಂದೇ ಹೋಗುತ್ತದೆ. ಪಟ್ಟಿಯ ಪುಟದ ವಿಳಾಸಕ್ಕೆ ಡಿಲೀಟ್ ಎಂದು ಬಡಿಯುವುದು ಯಾರಿಗೂ ಬೇಡ.

ಇನ್ನು, ಹುಡುಕಲು ಕಷ್ಟವಾದ 405. ಓದುಗರು ಪುಟ ತೆರೆದಿಟ್ಟು ಊಟಕ್ಕೆ ಹೋಗಿ ಬರುತ್ತಾರೆ, ಸೆಷನ್ ಮುಗಿದಿರುತ್ತದೆ. ‘ರದ್ದುಮಾಡಿ’ ಒತ್ತುತ್ತಾರೆ. ಸರ್ವರ್ ಲಾಗಿನ್ ಪುಟಕ್ಕೆ ಕಳಿಸಿ, ಮರಳಬೇಕಾದ ವಿಳಾಸವೆಂದು ರದ್ದುಮಾಡುವ ವಿಳಾಸವನ್ನೇ ನೆನಪಿಟ್ಟುಕೊಳ್ಳುತ್ತದೆ. ಲಾಗಿನ್ ಆದ ಮೇಲೆ ಬ್ರೌಸರ್ ಅಲ್ಲಿಗೆ ಗೆಟ್‌ನಲ್ಲಿ ಬರುತ್ತದೆ, 405 ಎಂಬ ಬೋಳು ಪುಟ ಕಾಣುತ್ತದೆ. ಡೆವಲಪರ್ ಎಷ್ಟು ಪ್ರಯತ್ನಿಸಿದರೂ ತಮ್ಮ ಯಂತ್ರದಲ್ಲಿ ಇದನ್ನು ಕಾಣುವುದಿಲ್ಲ, ಏಕೆಂದರೆ ಅವರ ಸೆಷನ್ ಸದಾ ಜೀವಂತ. ರದ್ದುಮಾಡುವ ವಿಳಾಸಕ್ಕೆ ಗೆಟ್ ಬಂದರೆ ಏನನ್ನೂ ಬದಲಿಸದೆ ಪಟ್ಟಿಯ ಪುಟಕ್ಕೆ ಕಳಿಸುವ ಎರಡು ಸಾಲು ಬರೆದಿಡಿ.

## ಹಂತ 6: ಲಿಂಕ್‌ನ ವೇಷ ತೊಡಿಸಿ

ಇದು ಕೊನೆಯತ್ತ ಬರಬೇಕಾದ ಹಂತ. ಬಹುತೇಕರು ಇಲ್ಲಿಂದಲೇ ಶುರುಮಾಡುತ್ತಾರೆ. ಸಿಎಸ್‌ಎಸ್‌ನಲ್ಲಿ ಬಟನ್‌ಗೆ ಹಿನ್ನೆಲೆ ಬೇಡ, ಅಂಚು ಬೇಡ, ಬಣ್ಣ ಲಿಂಕ್‌ನ ಬಣ್ಣ, ಅಡಿಗೆರೆ ಬೇಕು, ಕರ್ಸರ್ ಕೈಯಾಗಲಿ. ಸುತ್ತಲಿನ ಫಾರ್ಮ್ ಸಾಲು ಮುರಿಯದಂತೆ ಅದನ್ನು ಇನ್‌ಲೈನ್ ಮಾಡಿ.

ಕನ್ನಡ ಪುಟಗಳಲ್ಲಿ ಇಲ್ಲಿ ಎರಡು ತೊಡಕುಗಳು ಎದ್ದು ಕಾಣುತ್ತವೆ. ಬಟನ್‌ಗಳು ಸುತ್ತಲಿನ ಫಾಂಟನ್ನು ತಾವಾಗಿ ಪಡೆಯುವುದಿಲ್ಲ. ಪುಟವೆಲ್ಲ ನೀವು ಆರಿಸಿದ ನೋಟೊ ಸಾನ್ಸ್ ಕನ್ನಡದಲ್ಲಿದ್ದು, ‘ರದ್ದುಮಾಡಿ’ ಮಾತ್ರ ಯಂತ್ರದ ಬೇರೆ ಕನ್ನಡ ಫಾಂಟಿನಲ್ಲಿ, ಸಣ್ಣದಾಗಿ, ತೇಪೆ ಹಾಕಿದಂತೆ ಕಾಣುತ್ತದೆ. ಫಾಂಟ್ ಎಂಬ ಗುಣಕ್ಕೆ ಇನ್‌ಹೆರಿಟ್ ಎಂದು ಕೊಡಿ; ಫಾಂಟಿನ ಹೆಸರು, ಗಾತ್ರ, ಸಾಲಿನ ಎತ್ತರ ಎಲ್ಲವೂ ಒಂದೇ ಏಟಿಗೆ ಸರಿಯಾಗುತ್ತವೆ. ಎರಡನೆಯದು ಅಡಿಗೆರೆ. ‘ದ್ದು’ವಿನ ಒತ್ತಕ್ಷರ ಗೆರೆಯ ಕೆಳಗೆ ಇಳಿಯುತ್ತದೆ, ಗೆರೆ ಅದರ ಮೇಲೆ ಹಾದುಹೋಗುತ್ತದೆ, ಇಲ್ಲವೇ ಅಲ್ಲಲ್ಲಿ ತುಂಡಾಗುತ್ತದೆ. ಅಡಿಗೆರೆಯ ಆಫ್‌ಸೆಟ್ ಹೆಚ್ಚಿಸಿ, ಸಾಲಿನ ಎತ್ತರವನ್ನೂ ಸ್ವಲ್ಪ ಏರಿಸಿ. ಬಟನ್‌ನ ಎತ್ತರವನ್ನು ಪಿಕ್ಸೆಲ್‌ನಲ್ಲಿ ಬಿಗಿದು, ಹೆಚ್ಚಾದುದನ್ನು ಅಡಗಿಸುವಂತೆ ಬರೆದಿದ್ದರೆ ಒತ್ತಕ್ಷರದ ಬುಡ ಕತ್ತರಿಸಿಹೋಗುತ್ತದೆ. ಅಂಥ ಸಾಲುಗಳನ್ನು ತೆಗೆಯಿರಿ.

ಪ್ಯಾಡಿಂಗ್ ಅನ್ನು ಪೂರ್ತಿ ಸೊನ್ನೆ ಮಾಡುವ ಮೊದಲು ಬೆರಳನ್ನು ನೆನೆಯಿರಿ. 2023ರಲ್ಲಿ ಬಂದ ಡಬ್ಲ್ಯುಸಿಎಜಿ 2.2 (ಅಂಗವಿಕಲರಿಗೂ ಬಳಸಲು ಬರುವಂತೆ ಸೈಟ್ ಕಟ್ಟುವ ಮಾರ್ಗಸೂಚಿ), ಒತ್ತುವ ಜಾಗ ಕನಿಷ್ಠ 24 ಗುಣಿಸು 24 ಸಿಎಸ್‌ಎಸ್ ಪಿಕ್ಸೆಲ್ ಇರಬೇಕೆನ್ನುತ್ತದೆ. ವಾಕ್ಯದ ನಡುವಿನ ಲಿಂಕ್‌ಗಳಿಗೆ ವಿನಾಯಿತಿ ಇದೆ, ಆದರೆ ಪಟ್ಟಿಯಲ್ಲಿ ‘ನವೀಕರಿಸಿ’ ಮತ್ತು ‘ರದ್ದುಮಾಡಿ’ ಒಂದಕ್ಕೊಂದು ತಾಗಿ ನಿಂತಿದ್ದರೆ ಮೊಬೈಲ್‌ನಲ್ಲಿ ತಪ್ಪು ಪದಕ್ಕೆ ಬೆರಳು ಬೀಳುವುದು ಖಂಡಿತ. ಫೋಕಸ್ ಆದಾಗ ಸುತ್ತ ಬರುವ ಗೆರೆಯನ್ನು ಅಂದಗೆಡಿಸುತ್ತದೆಂದು ತೆಗೆಯಬೇಡಿ. ಟ್ಯಾಬ್ ಕೀಲಿಯಲ್ಲಿ ಓಡಾಡುವವರಿಗೆ ತಾವೆಲ್ಲಿದ್ದೇವೆ ಎಂದು ತಿಳಿಯುವುದು ಅದರಿಂದಲೇ.

ತೆರೆ ಓದುವ ತಂತ್ರಾಂಶ ಬಳಸುವವರು ಬಟನ್‌ಗಳ ಪಟ್ಟಿ ತೆರೆದರೆ ‘ರದ್ದುಮಾಡಿ, ರದ್ದುಮಾಡಿ, ರದ್ದುಮಾಡಿ’ ಎಂದಷ್ಟೇ ಕೇಳಿಸುತ್ತದೆ. ಬಟನ್‌ನೊಳಗೆ, ಕಣ್ಣಿಗೆ ಕಾಣದಂತೆ ಆದರೆ ಓದಲು ಸಿಗುವಂತೆ, ಪುಸ್ತಕದ ಹೆಸರನ್ನೂ ಸೇರಿಸಿ.

## ಹಂತ 7: ಖಚಿತಪಡಿಸಿಕೊಳ್ಳುವುದು, ಎರಡು ಸಲ ಒತ್ತುವುದು

ಮರಳಿ ಪಡೆಯಲಾಗದ ಕೆಲಸಕ್ಕೆ ‘ನಿಜವಾಗಿಯೂ ರದ್ದುಮಾಡಬೇಕೇ?’ ಎಂಬ ಪ್ರಶ್ನೆ ಬೇಕು. ಜಾವಾಸ್ಕ್ರಿಪ್ಟ್‌ನ ಕನ್ಫರ್ಮ್ ಪೆಟ್ಟಿಗೆ ಸುಲಭ. ನನ್ನ ಒಲವು ಬೇರೆ ಕಡೆ: ಪಟ್ಟಿಯಲ್ಲಿ ನಿಜವಾದ ಲಿಂಕನ್ನೇ ಇಟ್ಟು ಅದು ಖಚಿತಪಡಿಸುವ ಪುಟವೊಂದಕ್ಕೆ ಹೋಗಲಿ. ಆ ಪುಟ ಏನನ್ನೂ ಬದಲಿಸದ ಕಾರಣ ಗೆಟ್ ತಪ್ಪಲ್ಲ. ಅಲ್ಲಿ ಪುಸ್ತಕದ ಹೆಸರು, ದಿನಾಂಕ, ಪೋಸ್ಟ್ ಮಾಡುವ ಬಟನ್. ಒಂದು ಕ್ಲಿಕ್ ಹೆಚ್ಚು, ಆದರೆ ಕ್ರಾಲರ್ ಬಂದರೂ ಪ್ರಿಫೆಚ್ ಆದರೂ ಯಾರ ಪುಸ್ತಕವೂ ಹೋಗುವುದಿಲ್ಲ. ಇಮೇಲ್‌ನಲ್ಲಿ ಕಳಿಸುವ ‘ರದ್ದುಮಾಡಲು ಇಲ್ಲಿ ಒತ್ತಿ’ ಎಂಬ ಲಿಂಕ್‌ಗೆ ಇದೊಂದೇ ಸರಿಯಾದ ದಾರಿ, ಏಕೆಂದರೆ ಪತ್ರದೊಳಗಿನ ಫಾರ್ಮ್‌ಗಳನ್ನು ನಂಬುವಂತಿಲ್ಲ. ಚಂದಾ ನಿಲ್ಲಿಸುವ ಒಂದೇ ಕ್ಲಿಕ್‌ನ ಸೌಲಭ್ಯಕ್ಕಾಗಿ 2017ರ ಆರ್‌ಎಫ್‌ಸಿ 8058 ಕೂಡ ಪೋಸ್ಟನ್ನೇ ಕೇಳುತ್ತದೆ. ಸ್ಪ್ಯಾಮ್ ತಡೆಯುವ ತಂತ್ರಾಂಶಗಳು ಲಿಂಕ್ ತೆರೆದು ಜನರ ಚಂದಾ ನಿಲ್ಲಿಸಿಬಿಡುತ್ತಿದ್ದುದೇ ಅದಕ್ಕೆ ಕಾರಣ.

ಎರಡು ಸಲ ಒತ್ತುವುದನ್ನು ತಡೆಯಲು ಬಟನನ್ನು ನಿಷ್ಕ್ರಿಯಗೊಳಿಸುವುದಾದರೆ, ಕ್ಲಿಕ್ ಘಟನೆಯಲ್ಲಿ ಮಾಡಬೇಡಿ. ಕೆಲವೊಮ್ಮೆ ಫಾರ್ಮ್ ಹೊರಡುವುದೇ ಇಲ್ಲ. ಫಾರ್ಮ್‌ನ ಸಬ್ಮಿಟ್ ಘಟನೆಯಲ್ಲಿ ಮಾಡಿ. ಅಲ್ಲೂ ಒಂದು ಗುಂಡಿ ಇದೆ: ನಿಷ್ಕ್ರಿಯವಾದ ಬಟನ್‌ನ ಹೆಸರು ಮತ್ತು ಮೌಲ್ಯ ಸರ್ವರ್‌ಗೆ ಹೋಗುವುದಿಲ್ಲ. ಯಾವ ದಾಖಲೆ ಎಂಬುದನ್ನು ಬಟನ್‌ನ ಮೌಲ್ಯದಲ್ಲಿ ಇಟ್ಟಿದ್ದರೆ ಸರ್ವರ್‌ಗೆ ಖಾಲಿ ಕೈ. ಅದನ್ನು ವಿಳಾಸದಲ್ಲೋ ಅಡಗಿಸಿದ ಕ್ಷೇತ್ರದಲ್ಲೋ ಇಡಿ.

## ಹಂತ 8: ನಿಮ್ಮ ಫ್ರೇಮ್‌ವರ್ಕಿನ ಹಳ್ಳಗಳು

ಎಎಸ್‌ಪಿ ಡಾಟ್ ನೆಟ್ ವೆಬ್ ಫಾರ್ಮ್ಸ್. ಇಲ್ಲಿ ಲಿಂಕ್‌ಬಟನ್ ಎಂಬ ಹೆಸರಿನ ಕಂಟ್ರೋಲೇ ಇದೆ. ಅದು ಬ್ರೌಸರ್‌ಗೆ ಹೋಗುವಾಗ ಲಿಂಕ್ ಟ್ಯಾಗ್ ಆಗುತ್ತದೆ, ಅದರ ವಿಳಾಸದ ಜಾಗದಲ್ಲಿ ಪೋಸ್ಟ್‌ಬ್ಯಾಕ್ ಮಾಡುವ, ಅಂದರೆ ಪುಟದ ಫಾರ್ಮನ್ನು ಸರ್ವರ್‌ಗೆ ಮರಳಿ ಕಳಿಸುವ, ಜಾವಾಸ್ಕ್ರಿಪ್ಟ್ ಕರೆ ಇರುತ್ತದೆ. ಕಳಿಸುವುದು ಪೋಸ್ಟನ್ನೇ, ಹಾಗಾಗಿ ಕ್ರಾಲರ್ ಭಯ ಕಡಿಮೆ. ಜಾವಾಸ್ಕ್ರಿಪ್ಟ್ ಇಲ್ಲದಿದ್ದರೆ ಮಾತ್ರ ಸತ್ತಂತೆ. ‘ಒತ್ತಿದರೂ ಸರ್ವರ್ ಕೋಡ್ ಓಡುವುದಿಲ್ಲ’ ಎಂಬ ದೂರಿಗೆ ಮೂರು ಕಡೆ ನೋಡಿ. ಪೇಜ್ ಲೋಡ್‌ನಲ್ಲಿ ಇದು ಪೋಸ್ಟ್‌ಬ್ಯಾಕ್ ಹೌದೋ ಅಲ್ಲವೋ ಎಂದು ಪರೀಕ್ಷಿಸದೆ ಪ್ರತಿ ಸಲವೂ ಗ್ರಿಡ್‌ಗೆ ಡೇಟಾ ತುಂಬುತ್ತಿದ್ದರೆ, ಒತ್ತಿದ ಘಟನೆ ಕೈತಪ್ಪಬಹುದು, ಅಥವಾ ಅಷ್ಟರಲ್ಲಿ ಪಟ್ಟಿ ಬದಲಾಗಿದ್ದರೆ ಬೇರೆ ಸಾಲಿಗೆ ಅಂಟಬಹುದು. ಕೋಡ್‌ನಿಂದ ಹುಟ್ಟಿಸಿದ ಲಿಂಕ್‌ಬಟನ್ ಆಗಿದ್ದರೆ ಪ್ರತಿ ಪೋಸ್ಟ್‌ಬ್ಯಾಕ್‌ನಲ್ಲೂ ಅದೇ ಐಡಿಯೊಡನೆ ಮತ್ತೆ ಹುಟ್ಟಿಸಬೇಕು. ಕಾಸಸ್ ವ್ಯಾಲಿಡೇಷನ್ ಎಂಬುದು ತಾನಾಗಿ ನಿಜ ಎಂದಿರುತ್ತದೆ. ಪುಟದ ಇನ್ನೊಂದು ಮೂಲೆಯ ಕಡ್ಡಾಯ ಪೆಟ್ಟಿಗೆ ಖಾಲಿಯಿದ್ದರೆ ನಿಮ್ಮ ‘ರದ್ದುಮಾಡಿ’ ಕದಲುವುದಿಲ್ಲ. ಕನ್ಫರ್ಮ್ ಪೆಟ್ಟಿಗೆಯಲ್ಲಿ ‘ಬೇಡ’ ಎಂದರೂ ಕೆಲಸ ನಡೆಯುತ್ತಿದ್ದರೆ ಆನ್ ಕ್ಲೈಂಟ್ ಕ್ಲಿಕ್‌ನಲ್ಲಿ ರಿಟರ್ನ್ ಎಂಬ ಪದ ಬಿಟ್ಟುಹೋಗಿದೆ.

ರೈಲ್ಸ್. ಲಿಂಕ್ ಹೆಲ್ಪರ್‌ಗೆ ಮೆಥಡ್ ಆಯ್ಕೆ ಕೊಡುವ ಹಳೆಯ ಪದ್ಧತಿ ರೈಲ್ಸ್ ಯುಜೆಎಸ್ ಎಂಬ ಸ್ಕ್ರಿಪ್ಟನ್ನು ನಂಬಿತ್ತು. 7ನೇ ಆವೃತ್ತಿಯ ಹೊಸ ಆ್ಯಪ್‌ಗಳಲ್ಲಿ ಆ ಸ್ಕ್ರಿಪ್ಟ್ ಇರುವುದಿಲ್ಲ, ವಿನಂತಿ ಗೆಟ್ ಆಗಿ ಹೋಗಿ ‘ರೂಟ್ ಇಲ್ಲ’ ಎಂಬ ದೋಷ ಬರುತ್ತದೆ. ಬಟನ್ ಟು ಹೆಲ್ಪರ್ ಬಳಸಿ, ಅದು ಹಂತ 2ರ ಫಾರ್ಮನ್ನೇ ಕಟ್ಟಿಕೊಡುತ್ತದೆ.

ಜ್ಯಾಂಗೊ. ಗೆಟ್ ಮೂಲಕ ಲಾಗ್‌ಔಟ್ ಮಾಡುವುದನ್ನು 4.1ರಲ್ಲಿ ಬಿಡಬೇಕೆಂದು ಎಚ್ಚರಿಸಿ, 5.0ರಲ್ಲಿ ತೆಗೆದುಹಾಕಿದರು. ಆವೃತ್ತಿ ಏರಿಸಿದ ಮರುದಿನ ಲಾಗ್‌ಔಟ್‌ಗೆ 405 ಬಂದರೆ ಮೆನುವಿನ ಲಿಂಕನ್ನು ಪೋಸ್ಟ್ ಫಾರ್ಮ್ ಮಾಡಿ, ಟೋಕನ್ ಸೇರಿಸಿ, ಮುಗಿಯಿತು.

## ಹಂತ 9: ಪರೀಕ್ಷೆ, ಮತ್ತು ಹಳೆಯ ವಿಳಾಸಗಳ ವಿಲೇವಾರಿ

1. ಬಟನ್ ಒತ್ತಿ ನೆಟ್‌ವರ್ಕ್ ಫಲಕ ನೋಡಿ. ಮೊದಲು ಪೋಸ್ಟ್‌ಗೆ 303, ಅದರ ಹಿಂದೆಯೇ ಪಟ್ಟಿಯ ಪುಟಕ್ಕೆ ಗೆಟ್ ಮತ್ತು 200. ಬೇರೆ ಯಾವ ಕ್ರಮ ಕಂಡರೂ ನಿಲ್ಲಿ.
2. ಜಾವಾಸ್ಕ್ರಿಪ್ಟ್ ನಿಲ್ಲಿಸಿ ಒತ್ತಿ.
3. ಮೌಸ್ ಬದಿಗಿಟ್ಟು ಟ್ಯಾಬ್, ಸ್ಪೇಸ್, ಎಂಟರ್‌ಗಳಲ್ಲೇ ಮುಗಿಸಿ.
4. ಕೆಲಸದ ವಿಳಾಸವನ್ನು ಬ್ರೌಸರ್‌ನ ವಿಳಾಸದ ಪೆಟ್ಟಿಗೆಯಲ್ಲಿ ಅಂಟಿಸಿ ತೆರೆಯಿರಿ. ದಾಖಲೆ ಬದಲಾಗಬಾರದು.
5. ಎರಡನೆಯ ಖಾತೆಯಿಂದ ಲಾಗಿನ್ ಆಗಿ, ಫಾರ್ಮ್‌ನ ವಿಳಾಸದಲ್ಲಿ ಮೊದಲ ಖಾತೆಯ ಸಂಖ್ಯೆ ಬರೆದು ಒತ್ತಿ. 404 ಬರಬೇಕು.
6. ಕರ್ಲ್‌ನಿಂದ ಟೋಕನ್ ಇಲ್ಲದೆ ಪೋಸ್ಟ್ ಮಾಡಿ. ನಿರಾಕರಿಸಬೇಕು.
7. ಒಂದೇ ಪುಟವನ್ನು ಎರಡು ಟ್ಯಾಬ್‌ಗಳಲ್ಲಿ ತೆರೆದು ಎರಡರಲ್ಲೂ ಒತ್ತಿ. ಎಸ್‌ಎಂಎಸ್ ಒಂದೇ ಬರಬೇಕು.
8. ಸೆಷನ್ ಕುಕೀ ಅಳಿಸಿ ಒತ್ತಿ, ಲಾಗಿನ್ ಆಗಿ, ಎಲ್ಲಿಗೆ ಬಂದಿರೆಂದು ನೋಡಿ.

ಹಳೆಯ ಸೈಟನ್ನು ತಿದ್ದುತ್ತಿರುವವರಿಗೆ ಇನ್ನೊಂದು ಕೆಲಸ ಉಳಿದಿದೆ. ಲಿಂಕ್ ತೆಗೆದಿರಿ, ಆದರೆ ಗೆಟ್‌ನಲ್ಲಿ ಅಳಿಸುವ ಹಳೆಯ ಕೋಡ್ ಸರ್ವರ್‌ನಲ್ಲಿ ಹಾಗೇ ಇದ್ದರೆ ಅಪಾಯವೂ ಹಾಗೇ ಇದೆ. ಆ ವಿಳಾಸಗಳು ಜನರ ಬುಕ್‌ಮಾರ್ಕ್‌ಗಳಲ್ಲಿ, ಹಿಂದೆ ಕಳಿಸಿದ ಇಮೇಲ್‌ಗಳಲ್ಲಿ ಉಳಿದಿರುತ್ತವೆ. ಮೊದಲು ಹೊಸ ಬಟನ್‌ಗಳನ್ನು ಹಾಕಿ, ಅದೇ ದಿನ ಹಳೆಯ ವಿಳಾಸಗಳ ಕೋಡ್‌ನಲ್ಲಿ ಬದಲಾವಣೆ ಮಾಡುವ ಭಾಗ ಕಿತ್ತು ಖಚಿತಪಡಿಸುವ ಪುಟಕ್ಕೆ ತಿರುಗಿಸಿ. ಇದಕ್ಕೆ 301 (ಶಾಶ್ವತವಾಗಿ ಬೇರೆಡೆಗೆ) ಬಳಸಬೇಡಿ. ಬ್ರೌಸರ್ ಅದನ್ನು ನೆನಪಿಟ್ಟುಕೊಂಡು, ನಾಳೆ ನೀವು ಮನಸ್ಸು ಬದಲಿಸಿದರೂ ಸರ್ವರ್‌ನತ್ತ ಬರದೆ ನೇರ ಹಳೆಯ ಗುರಿಗೇ ಹೋಗಬಹುದು. 302 ಸಾಕು. ಆಮೇಲೆ ಕೆಲವು ವಾರ ಆ್ಯಕ್ಸೆಸ್ ಲಾಗ್‌ನಲ್ಲಿ ಈ ವಿಳಾಸಗಳನ್ನು ಸೋಸಿ, ಬರುತ್ತಿರುವವರ ಯೂಸರ್ ಏಜೆಂಟ್ (ವಿನಂತಿ ಕಳಿಸಿದ ತಂತ್ರಾಂಶದ ಹೆಸರು) ಓದಿ. ಮನುಷ್ಯರು ನಿಂತು ಬರಿಯ ಕ್ರಾಲರ್‌ಗಳು ಉಳಿದ ಮೇಲೆ ಆ ವಿಳಾಸಗಳಿಗೆ 410 (ಇನ್ನು ಇಲ್ಲ) ಕೊಡಬಹುದು.